ಕಣ್ಣಲ್ಲಿ ಹುಟ್ಟಿ ಹೊಟ್ಟೆಯಲ್ಲಿ ಉರಿಯುವುದು

ಮತ್ಸರದ ಮನೆ ಎಲ್ಲಿದೆ ಎಂಬುದು ಕನ್ನಡಕ್ಕೆ ಚೆನ್ನಾಗಿ ಗೊತ್ತು. ಅದು ಹುಟ್ಟುವುದು ಕಣ್ಣಲ್ಲಿ, ಉರಿಯುವುದು ಹೊಟ್ಟೆಯಲ್ಲಿ. ಪಕ್ಕದವರ ಹೊಸ ಮನೆ ಮೊದಲು ಕಣ್ಣು ಕುಕ್ಕುತ್ತದೆ, ಆಮೇಲೆ ಹೊಟ್ಟೆಕಿಚ್ಚು ಹೊತ್ತಿಕೊಳ್ಳುತ್ತದೆ. ಮನೆ ಕಟ್ಟಿದವರು ಕಣ್ಣು ಬಿದ್ದೀತೆಂದು ಬಾಗಿಲಿಗೆ ಬೂದುಗುಂಬಳ ತೂಗುಹಾಕುತ್ತಾರೆ. ಇದು ನಮ್ಮ ನೆಲದ ತಿಳಿವಳಿಕೆ ಮಾತ್ರ ಅಂದುಕೊಂಡರೆ ತಪ್ಪಾದೀತು. ಅಸೂಯೆಗೆ ಲ್ಯಾಟಿನ್ನಿನಲ್ಲಿರುವ ‘ಇನ್ವಿಡಿಯಾ’ ಎಂಬ ಪದ ಹುಟ್ಟಿದ್ದೇ ನೋಡುವ ಕ್ರಿಯೆಯಿಂದ. ವಕ್ರವಾಗಿ ನೋಡುವುದು ಅದರ ಮೂಲಾರ್ಥ. ಪ್ರವಾದಿ ಮುಹಮ್ಮದರದೆಂದು ಹದೀಸ್ ಸಂಗ್ರಹಗಳಲ್ಲಿರುವ ಒಂದು ಮಾತು ಅಸೂಯೆಯನ್ನು ಸೌದೆ ತಿನ್ನುವ ಬೆಂಕಿಗೆ ಹೋಲಿಸುತ್ತದೆ. ಅಲ್ಲಿ ಸೌದೆಯೆಂದರೆ ಮನುಷ್ಯ ಗಳಿಸಿಟ್ಟ ಸತ್ಕರ್ಮಗಳು.

ಕಣ್ಣು ಮತ್ತು ಕಿಚ್ಚು ಎರಡೂ ಒಂದೇ ಚೌಕಟ್ಟಿನೊಳಗೆ ಸೇರಿರುವ ಚಿತ್ರವೊಂದಿದೆ. ಇಟಲಿಯ ಪಾದುವಾ ನಗರದ ಸ್ಕ್ರೊವೆಗ್ನಿ ಪ್ರಾರ್ಥನಾಮಂದಿರದ ಗೋಡೆಯ ಮೇಲೆ ಜಾಟ್ಟೊ ಎಂಬ ಚಿತ್ರಕಾರ 1305ರ ಸುಮಾರಿಗೆ ಬರೆದದ್ದು. ಅಸೂಯೆ ಅಲ್ಲೊಬ್ಬ ಮುದುಕಿ. ಒಂದು ಕೈಯಲ್ಲಿ ಹಣದ ಚೀಲ ಬಿಗಿಹಿಡಿದು ಇನ್ನೊಂದನ್ನು ಮುಂದಕ್ಕೆ ಚಾಚಿದ್ದಾಳೆ. ಕಾಲ ಕೆಳಗೆ ಬೆಂಕಿ. ಅವಳ ಬಾಯಿಂದ ಹೊರಟ ಹಾವು ಬೇರೆ ಯಾರನ್ನೂ ಹುಡುಕಿಕೊಂಡು ಹೋಗುವುದಿಲ್ಲ. ತಿರುಗಿ ಬಂದು ಅವಳ ಕಣ್ಣಿಗೇ ಬಾಯಿಹಾಕುತ್ತದೆ. ಎದುರುಗೋಡೆಯಲ್ಲಿ ಅವಳಿಗೆ ಮುಖಾಮುಖಿಯಾಗಿ ನಿಂತಿರುವುದು ಪ್ರೀತಿ. ಹಣದ ಚೀಲಗಳನ್ನು ಕಾಲಡಿ ಹಾಕಿಕೊಂಡು ಹಣ್ಣಿನ ಬುಟ್ಟಿ ಹಿಡಿದ ಹೆಣ್ಣು.

ಅಸೂಯೆಗೆ ಎದುರಾಗಿ ತೃಪ್ತಿಯನ್ನೋ ವೈರಾಗ್ಯವನ್ನೋ ಇಡದೆ ಪ್ರೀತಿಯನ್ನು ಇಟ್ಟದ್ದರಲ್ಲಿ ಒಂದು ವಾದವಿದೆ. 13ನೆಯ ಶತಮಾನದ ಕ್ರೈಸ್ತ ದಾರ್ಶನಿಕ ಥಾಮಸ್ ಅಕ್ವಿನಾಸ್ ಅಸೂಯೆಯನ್ನು ವಿವರಿಸುವುದು ಇನ್ನೊಬ್ಬರ ಒಳಿತನ್ನು ಕಂಡು ಪಡುವ ದುಃಖ ಎಂದು. ಪ್ರೀತಿ ನೆರೆಯವನ ಒಳಿತಿಗೆ ಸಂತೋಷಪಡುತ್ತದೆ, ಅಸೂಯೆ ಅದೇ ಒಳಿತಿಗೆ ಸಂಕಟಪಡುತ್ತದೆ. ವಿಷಯ ಒಂದೇ, ಹೃದಯದ ಮುಖ ಮಾತ್ರ ಆಚೀಚೆ. ಹೀಗಾಗಿ ಅಸೂಯೆಯನ್ನು ದುರಾಸೆಯ ಜೊತೆ ಗೊಂದಲ ಮಾಡಿಕೊಳ್ಳಬಾರದು. ದುರಾಸೆಯವನಿಗೆ ವಸ್ತು ಬೇಕು. ಅದು ಸಿಕ್ಕರೆ, ಒಂದು ಗಳಿಗೆಯಾದರೂ, ಸುಮ್ಮನಾಗುತ್ತಾನೆ. ಅಸೂಯೆಯವನಿಗೆ ವಸ್ತು ಬೇಕೇಬೇಕೆಂದಿಲ್ಲ. ಅದು ಇನ್ನೊಬ್ಬನ ಬಳಿ ಇಲ್ಲದಿದ್ದರೆ ಸಾಕು. ಶತ್ರುವಿನ ಎರಡು ಕಣ್ಣು ಹೋಗಲೆಂದು ತನ್ನ ಒಂದು ಕಣ್ಣು ಕೊಟ್ಟವನ ಕಥೆ ಹೇಳುವುದು ಇದನ್ನೇ. ಕಾಮಕ್ಕೆ ಕ್ಷಣಿಕ ಸುಖವಿದೆ, ಕೋಪಕ್ಕೆ ಕಾರಿಕೊಂಡ ಹಗುರವಿದೆ, ಹೊಟ್ಟೆಬಾಕನಿಗೆ ಊಟವಾದರೂ ಸಿಕ್ಕಿರುತ್ತದೆ. ಮತ್ಸರದಲ್ಲಿ ಅಂಥ ಯಾವ ಲಾಭವೂ ಇಲ್ಲ.

ಲಾಭವಿಲ್ಲದ ಈ ವ್ಯಾಪಾರಕ್ಕೆ ಮನುಷ್ಯ ಯಾಕೆ ಕೈಹಾಕುತ್ತಾನೆ? ಇಸ್ಲಾಮಿನಲ್ಲಿ ಈ ಪ್ರಶ್ನೆಗೆ ತುಂಬ ನಿಷ್ಠುರವಾದ ಉತ್ತರ ಕೊಟ್ಟವನು ಅಬೂ ಹಾಮಿದ್ ಅಲ್-ಗಝಾಲಿ. 1058ರಲ್ಲಿ ಹುಟ್ಟಿ 1111ರಲ್ಲಿ ತೀರಿಕೊಂಡವನು. ಬಾಗ್ದಾದಿನ ನಿಝಾಮಿಯಾ ವಿದ್ಯಾಪೀಠದ ಅತ್ಯುನ್ನತ ಪೀಠದಲ್ಲಿ ಕುಳಿತಿದ್ದವನು 1095ರಲ್ಲಿ ಎಲ್ಲ ಬಿಟ್ಟು ಎದ್ದುಹೋದ. ತನ್ನ ಪಾಠಪ್ರವಚನದ ಹಿಂದಿದ್ದದ್ದು ಕೀರ್ತಿಯ ಹಂಬಲವೇ ಎಂದು ಆತ್ಮಕಥನದಲ್ಲಿ ಒಪ್ಪಿಕೊಂಡ. ಅವನ ಮಹಾಗ್ರಂಥ ‘ಇಹ್ಯಾ’ದ ನಲವತ್ತು ಪುಸ್ತಕಗಳಲ್ಲಿ ಒಂದು ಕೋಪ, ಹಗೆ, ಹಸದ್ ಇವುಗಳ ಕುರಿತದ್ದು. ಹಸದ್ ಎಂದರೆ ಅಸೂಯೆ. ವಿದ್ವಾಂಸ ಅಸೂಯೆಪಡುವುದು ವಿದ್ವಾಂಸನ ಮೇಲೆ, ವರ್ತಕ ವರ್ತಕನ ಮೇಲೆ, ಚಮ್ಮಾರ ಚಮ್ಮಾರನ ಮೇಲೆ ಎನ್ನುತ್ತಾನೆ ಗಝಾಲಿ. ಒಂದೇ ಗುರಿಯ ಹಿಂದೆ ಓಡುವವರ ನಡುವೆ ಮಾತ್ರ ಇದು ಹುಟ್ಟುತ್ತದೆ. ದೂರದ ಸುಲ್ತಾನನ ಅರಮನೆ ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ, ಕೆಡಿಸುವುದು ಎದುರುಮನೆಯ ಮಹಡಿ. ನಮ್ಮಲ್ಲಿ ‘ದಾಯಾದಿ ಮತ್ಸರ’ ಎಂಬ ಜೋಡುಪದ ಇರುವುದೂ ಇದಕ್ಕೇ. ದಾಯಾದಿ ಎಂದರೆ ಪಾಲಿಗೆ ಬಾಧ್ಯನಾದವನು. ಪಾಲು ಇದ್ದಲ್ಲೇ ಮತ್ಸರ.

ಕ್ರೈಸ್ತರ ಪಾಪಗಳ ಪಟ್ಟಿಯೂ ಇದಕ್ಕೆ ಸಾಕ್ಷಿ ಹೇಳುತ್ತದೆ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಸನ್ಯಾಸಿ ಇವಾಗ್ರಿಯಸ್ ಮನಸ್ಸನ್ನು ಕಾಡುವ ಎಂಟು ದುರಾಲೋಚನೆಗಳನ್ನು ಎಣಿಸಿದ. ಪ್ರಸಿದ್ಧವಾದ ಆ ಎಂಟರಲ್ಲಿ ಅಸೂಯೆ ಇಲ್ಲ. ಇನ್ನೂರು ವರ್ಷಗಳ ನಂತರ, 590ರಲ್ಲಿ ಪೋಪ್ ಆದ ಮೊದಲನೆಯ ಗ್ರೆಗರಿ ಪಟ್ಟಿಯನ್ನು ತಿದ್ದಿದಾಗ ಅಹಂಕಾರವನ್ನು ಎಲ್ಲಕ್ಕೂ ಬೇರಾಗಿಟ್ಟು ಅದರಿಂದ ಚಿಗುರುವ ಏಳರಲ್ಲಿ ಅಸೂಯೆಗೂ ಜಾಗ ಕೊಟ್ಟ. ಕಾರಣ ಏನಿದ್ದೀತು? ಮರಳುಗಾಡಿನ ಗುಹೆಯಲ್ಲಿ ಒಬ್ಬಂಟಿ ಕುಳಿತವನನ್ನು ಕಾಮ, ಹಸಿವು, ಬೇಸರ ಎಲ್ಲವೂ ಕಾಡಬಲ್ಲವು. ಆದರೆ ಮತ್ಸರಕ್ಕೆ ಪಕ್ಕದಲ್ಲಿ ಇನ್ನೊಬ್ಬ ಬೇಕು. ಗ್ರೆಗರಿಯಾದರೋ ರೋಮ್ ನಗರದ ಅಧಿಕಾರಿಯಾಗಿದ್ದವನು, ಮಠ ನಡೆಸಿದವನು, ಸ್ಥಾನಮಾನಗಳ ಹಂಚಿಕೆಯ ನಡುವೆಯೇ ಬದುಕಿದವನು. ಅವನಿಗೆ ಇದು ಕಾಣದೆ ಇರುವುದು ಸಾಧ್ಯವಿರಲಿಲ್ಲ ಎಂದು ನನಗನ್ನಿಸುತ್ತದೆ.

ಎರಡು ಧರ್ಮಗಳೂ ಮೊದಲ ಕೊಲೆಯನ್ನು ಈ ಲೆಕ್ಕಕ್ಕೇ ಬರೆಯುತ್ತವೆ. ಬೈಬಲಿನಲ್ಲಿ ಕಾಯಿನ ಮತ್ತು ಹೇಬೆಲ. ಕುರ್‌ಆನಿನಲ್ಲಿ ಆದಮನ ಇಬ್ಬರು ಮಕ್ಕಳು, ಪರಂಪರೆ ಅವರನ್ನು ಕರೆಯುವುದು ಖಾಬೀಲ್ ಮತ್ತು ಹಾಬೀಲ್ ಎಂದು. ಇಬ್ಬರ ಕಾಣಿಕೆಗಳಲ್ಲಿ ಒಂದನ್ನು ದೇವರು ಒಪ್ಪಿದ, ಇನ್ನೊಂದನ್ನು ಒಪ್ಪಲಿಲ್ಲ. ತಮ್ಮ ಅಣ್ಣನಿಂದ ಏನನ್ನೂ ಕಿತ್ತುಕೊಂಡಿರಲಿಲ್ಲ. ಅಣ್ಣನ ಜಗಳ ನಿಜವಾಗಿ ಒಪ್ಪಿಕೊಂಡವನ ಜೊತೆ, ಆದರೆ ಅವನು ಕೈಗೆಟುಕುವುದಿಲ್ಲ. ಎಟುಕಿದ್ದು ತಮ್ಮನ ಕುತ್ತಿಗೆ. ಇಸ್ಲಾಮೀ ಪರಂಪರೆ ಇನ್ನೂ ಹಿಂದಕ್ಕೆ ಹೋಗುತ್ತದೆ: ಮಣ್ಣಿನ ಆದಮನಿಗೆ ಸಿಕ್ಕ ಗೌರವವನ್ನು ಕಂಡು, ತಾನು ಬೆಂಕಿಯಿಂದ ಆದವನೆಂದು ಬಾಗಲೊಲ್ಲದ ಸೈತಾನ ಇಬ್ಲೀಸನದು ಅಹಂಕಾರವೂ ಹೌದು, ಹಸದ್ ಕೂಡ ಹೌದು. ಹಸದ್ ಎನ್ನುವುದು ದೇವರ ಹಂಚಿಕೆಗೆ ಹಾಕಿದ ಆಕ್ಷೇಪಣೆ ಎಂದು ಗಝಾಲಿ ಹೇಳುವುದು ಈ ಅರ್ಥದಲ್ಲಿ. ನೆರೆಯವನು ಇಲ್ಲಿ ನೆಪ ಮಾತ್ರ.

ಇಲ್ಲಿಯತನಕ ಎರಡೂ ಧರ್ಮಗಳದು ಒಂದೇ ದಾರಿ. ಮುಂದೆ ಸ್ವಲ್ಪ ಕವಲೊಡೆಯುತ್ತದೆ. ಪಶ್ಚಿಮದ ಕ್ರೈಸ್ತಧರ್ಮ ತನ್ನ ಗಮನವನ್ನೆಲ್ಲ ಅಸೂಯೆಪಡುವವನ ಮೇಲೆ ಇಡುತ್ತದೆ. ಅದು ಅವನ ಪಾಪ, ಅವನೇ ಒಪ್ಪಿಕೊಳ್ಳಬೇಕು, ಅವನೇ ತೊಳೆದುಕೊಳ್ಳಬೇಕು. ಡಾಂಟೆಯ ಕಾವ್ಯದ ಶುದ್ಧಿಲೋಕದಲ್ಲಿ ಅಸೂಯಾಪರರ ರೆಪ್ಪೆಗಳನ್ನು ಕಬ್ಬಿಣದ ತಂತಿಯಿಂದ ಹೊಲಿಯಲಾಗಿದೆ. ತಪ್ಪು ಮಾಡಿದ್ದು ಕಣ್ಣು, ಶುದ್ಧಿಯೂ ಕಣ್ಣಿಗೇ. ಕುರುಡು ಭಿಕ್ಷುಕರಂತೆ ಒಬ್ಬರ ಹೆಗಲಿಗೆ ಇನ್ನೊಬ್ಬರು ಒರಗಿ ಕುಳಿತಿದ್ದಾರೆ. ಬದುಕಿದ್ದಾಗ ಪರರ ಏಳಿಗೆಯನ್ನು ಸಹಿಸದವರು ಈಗ ಪರರ ಹೆಗಲನ್ನು ನಂಬಿ ಕೂರಬೇಕಾಗಿದೆ.

ಇಸ್ಲಾಂ ಅಸೂಯೆಗೆ ಗುರಿಯಾದವನ ಕಡೆಗೂ ತಿರುಗಿ ನೋಡುತ್ತದೆ. ಕುರ್‌ಆನಿನ 113ನೆಯ ಅಧ್ಯಾಯ ಅಲ್-ಫಲಕ್‌ನಲ್ಲಿರುವುದು ಐದೇ ವಾಕ್ಯ. ಇರುಳಿನ ಕೇಡು, ಮಾಟದ ಕೇಡು ಎಂದೆಲ್ಲ ಎಣಿಸುತ್ತ ಕೊನೆಗೆ ಅದು ರಕ್ಷಣೆ ಬೇಡುವುದು ಅಸೂಯೆಪಡುವವನ ಕೇಡಿನಿಂದ. ಕಣ್ಣು ತಾಗುವುದನ್ನೂ ಹದೀಸ್‌ಗಳು ಒಪ್ಪುತ್ತವೆ. ನಂಬುವುದು ಬಿಡುವುದು ಬೇರೆ ಮಾತು. ಈ ನಂಬಿಕೆಯೊಳಗೆ ಹೊಣೆಯನ್ನು ಯಾರ ತಲೆಗೆ ಕಟ್ಟಲಾಗಿದೆ ಎಂಬುದು ಗಮನಿಸಬೇಕಾದದ್ದು. ಇಮಾಂ ಮಾಲಿಕರ ‘ಮುವತ್ತಾ’ ಸಂಗ್ರಹದಲ್ಲಿ ಒಂದು ಪ್ರಸಂಗವಿದೆ. ಸಹ್ಲ್ ಎಂಬಾತ ಸ್ನಾನ ಮಾಡುತ್ತಿದ್ದಾಗ ಆಮಿರ್ ಎಂಬಾತ ಅವನ ಮೈಬಣ್ಣ ನೋಡಿ ಬೆರಗಾಗಿ ಹೊಗಳಿದ. ಸಹ್ಲ್ ಅಲ್ಲೇ ಕುಸಿದ. ಪ್ರವಾದಿಯವರು ತರಾಟೆಗೆ ತೆಗೆದುಕೊಂಡದ್ದು ಆಮಿರ್‌ನನ್ನು: ನೋಡಿ ಮೆಚ್ಚಿದವನು ಒಳ್ಳೆಯದಾಗಲೆಂದು ಯಾಕೆ ಹರಸಲಿಲ್ಲ? ಮುಸ್ಲಿಮರು ಚೆಲುವಾದದ್ದನ್ನು ಕಂಡಾಗ ‘ಮಾಷಾ ಅಲ್ಲಾಹ್’ ಎನ್ನುವುದರ ಹಿಂದಿರುವುದು ಈ ಶಿಸ್ತು. ನಮ್ಮ ದೃಷ್ಟಿಗೊಂಬೆ ಮನೆ ಕಟ್ಟಿದವನಿಗೆ ಹುಷಾರಾಗಿರು ಎನ್ನುತ್ತದೆ. ಈ ಪ್ರಸಂಗ ನೋಡುವವನಿಗೆ ನಿನ್ನ ನೋಟವನ್ನು ಹರಕೆಯಾಗಿಸು ಎನ್ನುತ್ತದೆ. ಎರಡನೆಯದು ಕಷ್ಟದ ಕೆಲಸ, ಹಾಗಾಗಿ ಹೆಚ್ಚು ನೈತಿಕವಾದದ್ದು.

ಇಸ್ಲಾಂ ಇನ್ನೊಂದು ಕಿಂಡಿಯನ್ನೂ ತೆರೆದಿಟ್ಟಿದೆ. ‘ಗಿಬ್ತಾ’ ಎಂದರೆ ಅವನಿಗಿರುವುದು ಅವನಿಗಿರಲಿ, ನನಗೂ ಅಂಥದ್ದು ಸಿಗಲಿ ಎಂಬ ಆಸೆ. ಬುಖಾರಿ ಮತ್ತು ಮುಸ್ಲಿಂ ಎಂಬ ಸಂಗ್ರಹಗಳೆರಡರಲ್ಲೂ ಇರುವ ಹದೀಸ್ ಪ್ರಕಾರ, ಸಂಪತ್ತನ್ನು ಸನ್ಮಾರ್ಗದಲ್ಲಿ ಖರ್ಚು ಮಾಡುವವನ ಬಗ್ಗೆ, ವಿವೇಕವನ್ನು ಪಡೆದು ಅದರಂತೆ ನಡೆದು ಇತರರಿಗೂ ಕಲಿಸುವವನ ಬಗ್ಗೆ ಇಂಥ ಆಸೆ ತಪ್ಪಲ್ಲ. ಅಕ್ವಿನಾಸ್ ಕೂಡ, ಇನ್ನೊಬ್ಬನ ಬಳಿ ಇದೆಯೆಂದಲ್ಲ, ನನ್ನ ಬಳಿ ಇಲ್ಲವಲ್ಲ ಎಂದು ನೋಯುವುದನ್ನು ಅಸೂಯೆಯಿಂದ ಬೇರ್ಪಡಿಸಿ, ಸದ್ಗುಣದ ವಿಷಯದಲ್ಲಾದರೆ ಅದು ಮೆಚ್ಚತಕ್ಕದ್ದೇ ಎನ್ನುತ್ತಾನೆ. ಕನ್ನಡದಲ್ಲಿ ಇದಕ್ಕೆ ಹತ್ತಿರದ ಪದ ಬಹುಶಃ ‘ಮೇಲ್ಪಂಕ್ತಿ’. ಒಬ್ಬ ಬರೆದ ದುಂಡಗಿನ ಅಕ್ಷರ ನೋಡಿ ಅದನ್ನು ಅಳಿಸುವುದು ಹಸದ್. ಅದರ ಕೆಳಗೆ ನಮ್ಮ ಸಾಲನ್ನು ತಿದ್ದಿ ಬರೆಯುವುದು ಗಿಬ್ತಾ.

ಈಗ ಗಂಭೀರವಾದ ಆಕ್ಷೇಪವೊಂದನ್ನು ಎದುರಿಸಬೇಕು. ಅಸೂಯೆ ಪಾಪ, ಹಂಚಿದವನು ದೇವರು, ಸುಮ್ಮನಿರು: ಈ ಬೋಧನೆಯಿಂದ ಅನುಕೂಲವಾಗುವುದು ಉಳ್ಳವರಿಗಲ್ಲವೆ? ಕೂಲಿ ಹೆಚ್ಚಿಸಿ ಎಂದವನಿಗೆ ‘ಧಣಿಯ ಮೇಲೆ ಹೊಟ್ಟೆಕಿಚ್ಚು’ ಎಂದು ಹೇಳಿ ಬಾಯಿಮುಚ್ಚಿಸುವುದು ಎಲ್ಲ ಕಾಲದಲ್ಲೂ ನಡೆದಿದೆ. ಮೀಸಲಾತಿ ಕೇಳಿದವರಿಗೆ, ಆಸ್ತಿಯಲ್ಲಿ ಪಾಲು ಕೇಳಿದ ಹೆಣ್ಣುಮಕ್ಕಳಿಗೆ ಇದೇ ಮಾತು ಅಂಟಿದೆ. ಆಕ್ಷೇಪವನ್ನು ಒಪ್ಪಲೇಬೇಕು. ಆದರೆ ದೋಷ ಇರುವುದು ಗ್ರಂಥಗಳನ್ನು ಅರ್ಧ ಓದಿದವರಲ್ಲಿ.

ಹೊಸ ಒಡಂಬಡಿಕೆಯ ಯಾಕೋಬನ ಪತ್ರಿಕೆಯನ್ನೇ ತೆಗೆದುಕೊಳ್ಳೋಣ. ಮೂರನೆಯ ಅಧ್ಯಾಯದಲ್ಲಿ ಕಹಿಯಾದ ಮತ್ಸರವನ್ನು ಅದು ಸೈತಾನನ ಕಡೆಯ ವಿವೇಕವೆಂದು ಕರೆಯುತ್ತದೆ. ಅದೇ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ, ಪೈರು ಕೊಯ್ದವರ ಕೂಲಿಯನ್ನು ಹಿಡಿದಿಟ್ಟುಕೊಂಡ ಧನಿಕರ ವಿರುದ್ಧ ಆ ಕೂಲಿಯೇ ಕೂಗುತ್ತಿದೆ, ಕೂಗು ದೇವರ ಕಿವಿಗೆ ಮುಟ್ಟಿದೆ ಎಂಬ ಎಚ್ಚರಿಕೆಯಿದೆ. ಕೂಗಿದ ಕೂಲಿಕಾರರನ್ನು ಮತ್ಸರಿಗಳೆಂದು ಅದು ಕರೆಯುವುದಿಲ್ಲ. ಕುರ್‌ಆನಿನಲ್ಲೂ ಹೀಗೆಯೇ. ಇತರರಿಗೆ ಹೆಚ್ಚಾಗಿ ಕೊಟ್ಟದ್ದಕ್ಕೆ ಆಸೆಪಡಬೇಡಿ ಎನ್ನುವ ನಾಲ್ಕನೆಯ ಅಧ್ಯಾಯದ ವಚನವೇ, ಗಂಡಸರು ಗಳಿಸಿದ್ದರಲ್ಲಿ ಗಂಡಸರಿಗೆ ಪಾಲುಂಟು, ಹೆಂಗಸರು ಗಳಿಸಿದ್ದರಲ್ಲಿ ಹೆಂಗಸರಿಗೆ ಪಾಲುಂಟು ಎಂದು ಮುಂದುವರಿಯುತ್ತದೆ. ಪ್ರವಾದಿಯವರ ಪತ್ನಿ ಉಮ್ಮು ಸಲಮಾ ಕೇಳಿದ ಪ್ರಶ್ನೆ ಈ ವಚನಕ್ಕೆ ಹಿನ್ನೆಲೆ ಎನ್ನುತ್ತಾರೆ ವ್ಯಾಖ್ಯಾನಕಾರರು. ಗಂಡಸರು ಯುದ್ಧಕ್ಕೆ ಹೋಗುತ್ತಾರೆ, ನಾವು ಹೋಗುವಂತಿಲ್ಲ. ಉತ್ತರಾಧಿಕಾರದಲ್ಲಿ ನಮಗೆ ಅರ್ಧ ಪಾಲು, ಯಾಕೆ? ಉತ್ತರ ಇಂದಿನ ಓದುಗರಿಗೆ ಪೂರ್ತಿ ಸಮಾಧಾನ ಕೊಡದೆ ಇರಬಹುದು. ಆದರೆ ಪ್ರಶ್ನೆ ಪರಂಪರೆಯಲ್ಲಿ ಉಳಿದುಕೊಂಡಿದೆ, ಕೇಳಿದವಳನ್ನು ಹೊಟ್ಟೆಕಿಚ್ಚಿನವಳೆಂದು ಯಾರೂ ತಳ್ಳಿಹಾಕಿಲ್ಲ. ಬೇಡುವವರಿಗೂ ಬಡವರಿಗೂ ಸಿರಿವಂತರ ಸ್ವತ್ತಿನಲ್ಲಿ ಹಕ್ಕಿದೆ ಎಂದು ಅದೇ ಗ್ರಂಥ ಹೇಳುತ್ತದೆ. ಬಳಸಿರುವುದು ದಯೆ ಎಂಬ ಪದವನ್ನಲ್ಲ, ಹಕ್ಕು ಎಂಬ ಪದವನ್ನು.

ಹಂಚುವವನ ಹೊಣೆಯೂ ಇದೆ. ಯೋಸೇಫನ ಕಥೆ ಬೈಬಲಿನಲ್ಲೂ ಉಂಟು, ಕುರ್‌ಆನಿನ 12ನೆಯ ಅಧ್ಯಾಯವಾಗಿ ಯೂಸುಫನ ಕಥೆಯೂ ಉಂಟು. ಅಣ್ಣಂದಿರ ದೂರು ಪೂರ್ತಿ ಸುಳ್ಳಲ್ಲ. ತಂದೆ ಅವನಿಗೆ ವಿಶೇಷವಾದ ಅಂಗಿ ಹೊಲಿಸಿದ್ದ, ಉಳಿದವರಿಗಿಂತ ಹೆಚ್ಚು ಮುದ್ದು ಮಾಡಿದ್ದ ಎಂದು ಬೈಬಲ್ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಬಶೀರ್ ಎಂಬಾತ ಒಬ್ಬ ಮಗನಿಗೆ ಮಾತ್ರ ಉಡುಗೊರೆ ಕೊಟ್ಟು ಪ್ರವಾದಿಯವರನ್ನು ಸಾಕ್ಷಿಯಾಗಲು ಕರೆದಾಗ, ಎಲ್ಲ ಮಕ್ಕಳಿಗೂ ಕೊಟ್ಟಿದ್ದೀಯಾ ಎಂದು ಕೇಳಿ, ಇಲ್ಲವೆಂದಾಗ ಅವರು ಒಪ್ಪದೆ ಹೋದ ಹದೀಸ್ ಪ್ರಸಿದ್ಧವಾದದ್ದು. ಮತ್ಸರಕ್ಕೆ ಸೌದೆ ಒಟ್ಟಿದವನಿಗೆ ಬೆಂಕಿಯನ್ನು ಬೈಯುವ ಅಧಿಕಾರವಿಲ್ಲ.

ಹಾಗಿದ್ದರೆ ಯೂಸುಫನ ಅಣ್ಣಂದಿರು ತಪ್ಪಿದ್ದೆಲ್ಲಿ? ಅವರು ತಂದೆಯ ಬಳಿಗೆ ಹೋಗಿ ನಮ್ಮ ಪಾಲಿನ ಪ್ರೀತಿ ಎಲ್ಲಿ ಎಂದು ಕೇಳಲಿಲ್ಲ. ತಮ್ಮನನ್ನು ಬಾವಿಗೆ ಹಾಕಿದರು. ಬಾವಿಯಿಂದ ಅವರಿಗೆ ಸಿಕ್ಕಿದ್ದೇನೂ ಇಲ್ಲ. ತಂದೆ ಅತ್ತು ಅತ್ತು ಕಣ್ಣು ಕಳೆದುಕೊಂಡ ಎನ್ನುತ್ತದೆ ಕುರ್‌ಆನ್. ನ್ಯಾಯದ ಬೇಡಿಕೆಗೂ ಮತ್ಸರಕ್ಕೂ ನಡುವಿನ ಗೆರೆ ಇರುವುದು ಇಲ್ಲಿ. ನ್ಯಾಯ ಕೇಳುವವನು ತನ್ನ ಪಾಲು ಕೈಗೆ ಬಂದ ಗಳಿಗೆ ಜಗಳ ನಿಲ್ಲಿಸುತ್ತಾನೆ. ಮತ್ಸರಿಗೆ ಇನ್ನೊಬ್ಬನ ಪಾಲು ಹೋಗುವ ತನಕ ಜಗಳ ನಿಲ್ಲದು.

ಇದಕ್ಕೆ ಗಝಾಲಿ ಒಂದು ಒರೆಗಲ್ಲನ್ನೇ ಕೊಟ್ಟಿದ್ದಾನೆ. ತೀರ್ಮಾನ ನಿನ್ನ ಕೈಗೇ ಬಂದಿದೆ ಅಂದುಕೋ. ಅವನ ಭಾಗ್ಯವನ್ನು ನೀನು ಕಿತ್ತುಹಾಕುತ್ತೀಯಾ, ಬಿಟ್ಟುಬಿಡುತ್ತೀಯಾ? ಸಂಪತ್ತನ್ನು ಜನರಿಗೆ ಕೇಡು ಮಾಡುವ ಆಯುಧವಾಗಿಸಿಕೊಂಡವನ ಸಂಪತ್ತು ಹೋಗಲಿ ಎಂದು ಬಯಸುವುದು ಹಸದ್ ಅಲ್ಲ ಎಂದೂ ಅವನು ಸೇರಿಸುತ್ತಾನೆ. ಆದರೆ ಆತ ಕೇಡು ಬಿಟ್ಟ ಮೇಲೆ ಅವನ ಭಾಗ್ಯ ನಿನ್ನನ್ನು ಚುಚ್ಚಬಾರದು. ಇನ್ನೊಬ್ಬನ ಏಳಿಗೆಯಿಂದ ತನಗೋ ಇತರರಿಗೋ ಕೆಡುಕಾದೀತೆಂದು ದುಃಖಿಸುವುದನ್ನು ಅಕ್ವಿನಾಸ್ ಅಸೂಯೆಯೆನ್ನದೆ ಭಯವೆನ್ನುತ್ತಾನೆ. ಒಬ್ಬ ಪರ್ಷಿಯಾದ ಮುಸ್ಲಿಂ, ಇನ್ನೊಬ್ಬ ಇಟಲಿಯ ಕ್ರೈಸ್ತ. ದಬ್ಬಾಳಿಕೆಯನ್ನು ವಿರೋಧಿಸುವವನಿಗೆ ಮತ್ಸರಿ ಎಂಬ ಹಣೆಪಟ್ಟಿ ಹಚ್ಚಲು ಇಬ್ಬರೂ ಅವಕಾಶ ಕೊಟ್ಟಿಲ್ಲ.

ಈ ಒರೆಗಲ್ಲನ್ನು ಧರ್ಮಗಳ ಮೇಲೂ ಉಜ್ಜಿ ನೋಡಬೇಕಲ್ಲವೆ? ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯದಲ್ಲಿ ಯೇಸು ಹೇಳುವ ಕಥೆಯಿದೆ. ದ್ರಾಕ್ಷಿತೋಟದ ಯಜಮಾನ ಬೆಳಗ್ಗೆ ಬಂದವರಿಗೂ ಸಂಜೆ ಐದಕ್ಕೆ ಬಂದವರಿಗೂ ಒಂದೇ ಕೂಲಿ ಕೊಟ್ಟ. ಬೆಳಗಿನವರು ಗೊಣಗಿದರು. ಮಾತಾಡಿದಷ್ಟು ಕೊಟ್ಟಿದ್ದೇನಲ್ಲ, ನನ್ನ ಔದಾರ್ಯ ನೋಡಿ ನಿನ್ನ ಕಣ್ಣು ಯಾಕೆ ಕೆಡಬೇಕು ಎಂಬುದು ಯಜಮಾನನ ಪ್ರಶ್ನೆ. ಬುಖಾರಿಯ ಹದೀಸ್ ಒಂದರಲ್ಲೂ ಇಂಥದೇ ದೃಷ್ಟಾಂತ. ಮಧ್ಯಾಹ್ನದ ತನಕ ದುಡಿದವರು ಯಹೂದಿಗಳು, ಇಳಿಹೊತ್ತಿನ ತನಕ ದುಡಿದವರು ಕ್ರೈಸ್ತರು, ಸೂರ್ಯಾಸ್ತದ ತನಕ ದುಡಿದು ದುಪ್ಪಟ್ಟು ಪಡೆದವರು ಮುಸ್ಲಿಮರು. ಮೊದಲಿನ ಇಬ್ಬರು ಗೊಣಗಿದಾಗ ಉತ್ತರ ಅದೇ: ನಿಮ್ಮ ಹಕ್ಕಿನಲ್ಲಿ ಏನಾದರೂ ಕಡಿಮೆ ಮಾಡಿದೆನೆ? ಕ್ರೈಸ್ತ ವ್ಯಾಖ್ಯಾನಕಾರರಲ್ಲಿ ಹಲವರು ಗೊಣಗಿದ ಕೂಲಿಯಾಳು ಯಹೂದಿಯೆಂದು ಓದಿದರು. ಯಹೂದಿ ಮುಖ್ಯಯಾಜಕರು ಯೇಸುವನ್ನು ಒಪ್ಪಿಸಿಕೊಟ್ಟದ್ದು ಹೊಟ್ಟೆಕಿಚ್ಚಿನಿಂದ ಎಂಬುದು ರೋಮನ್ ಅಧಿಪತಿ ಪಿಲಾತನಿಗೆ ಗೊತ್ತಿತ್ತೆಂದು ಸುವಾರ್ತೆಗಳು ಹೇಳುತ್ತವೆ. ಗ್ರಂಥ ಪಡೆದ ಹಿಂದಿನವರಲ್ಲಿ ಅನೇಕರು ಹಸದ್‌ನಿಂದ ನಂಬಿದವರನ್ನು ಮತ್ತೆ ಅವಿಶ್ವಾಸಕ್ಕೆ ತಿರುಗಿಸಬಯಸುತ್ತಾರೆ ಎಂದು ಕುರ್‌ಆನಿನ ಎರಡನೆಯ ಅಧ್ಯಾಯ ಹೇಳುತ್ತದೆ. ಅದೇ ಉಸಿರಿನಲ್ಲಿ ಕ್ಷಮಿಸಿ, ಬಿಟ್ಟುಬಿಡಿ ಎಂದೂ ಹೇಳುತ್ತದೆ. ಓದುಗರಿಗೆ ನೆನಪಿರುವುದು ಹೆಚ್ಚಾಗಿ ಮೊದಲರ್ಧ.

ಕಥೆ ಕೇಳಿದವರೆಲ್ಲ ತಮ್ಮನ್ನು ಸಂಜೆ ಬಂದ ಭಾಗ್ಯವಂತರ ಸಾಲಿನಲ್ಲಿಟ್ಟುಕೊಂಡರು. ಬೆಳಗಿನಿಂದ ದುಡಿದು ಗೊಣಗುತ್ತಿರುವವನು ನಾನೇ ಇರಬಹುದು ಎಂದು ಓದಿದವರು ಕಡಿಮೆ. ಮತ್ಸರದ ವಿಚಿತ್ರ ಇದು: ಕೋಪಿಷ್ಠ ನಾನು ಎಂದು ಜಂಬದಿಂದ ಹೇಳಿಕೊಳ್ಳುವವರಿದ್ದಾರೆ, ನನಗೆ ಹೊಟ್ಟೆಕಿಚ್ಚು ಎಂದು ಹೇಳಿಕೊಂಡವರನ್ನು ನಾನು ಕಂಡಿಲ್ಲ. ಯಾವಾಗಲೂ ಕಾಣುವುದು ಎದುರಿನವನ ಕಣ್ಣಲ್ಲಿ. ಒಬ್ಬ ವ್ಯಕ್ತಿಗೆ ಹೇಗೋ ಒಂದು ಸಮುದಾಯಕ್ಕೂ ಹಾಗೆಯೇ. ನಮ್ಮನ್ನು ಕಂಡರೆ ಅವರಿಗೆ ಹೊಟ್ಟೆಯುರಿ ಎಂದು ಪ್ರತಿ ಗುಂಪೂ ಇನ್ನೊಂದರ ಬಗ್ಗೆ ಹೇಳುತ್ತದೆ. ಕುರ್‌ಆನಿನ ಐದನೆಯ ಅಧ್ಯಾಯ, ದೇವರು ಮನಸ್ಸು ಮಾಡಿದ್ದರೆ ಎಲ್ಲರನ್ನೂ ಒಂದೇ ಸಮುದಾಯ ಮಾಡಬಹುದಿತ್ತು, ಒಳ್ಳೆಯ ಕೆಲಸಗಳಲ್ಲಿ ಪೈಪೋಟಿ ಮಾಡಿ ಎನ್ನುತ್ತದೆ. ಸಮುದಾಯಗಳ ನಡುವೆ ಗಿಬ್ತಾ ಇದ್ದರೆ ಹೀಗಿರಬೇಕು. ಅವರ ಆಸ್ಪತ್ರೆ ನೋಡಿ ನಾವೊಂದು ಶಾಲೆ ಕಟ್ಟಬೇಕು.

ಹಿಂದಿನವರು ಹೇಳಿದ ಮದ್ದು ಬಾಯಿಗೆ ಕಹಿ, ಕೈಗೆ ಸುಲಭ. ಒಳಗೆ ತಾನಾಗಿ ಮೂಡಿದ ಮೊದಲ ಕುಟುಕಿಗೆ, ಅದನ್ನು ನೀನೇ ಮೆಚ್ಚದಿದ್ದರೆ, ಪಾಪದ ಲೆಕ್ಕವಿಲ್ಲ ಎನ್ನುತ್ತಾನೆ ಗಝಾಲಿ. ಆಮೇಲಿನದು ನಿನ್ನ ಕೈಯಲ್ಲಿದೆ. ಮತ್ಸರ ನಿಂದಿಸು ಎಂದರೆ ಹೊಗಳು, ಕೊಡಬೇಡ ಎಂದರೆ ಕೊಡು. ಮೊದಮೊದಲು ನಾಟಕದಂತೆ ಕಾಣುತ್ತದೆ, ಮಾಡುತ್ತ ಮಾಡುತ್ತ ಸ್ವಭಾವವಾಗುತ್ತದೆ.

‘ಮುಸ್ನದ್ ಅಹ್ಮದ್’ ಸಂಗ್ರಹದಲ್ಲಿ ಒಬ್ಬ ಅನ್ಸಾರಿಯ, ಅಂದರೆ ಪ್ರವಾದಿಯವರಿಗೆ ನೆರವಾದ ಮದೀನಾದವನೊಬ್ಬನ, ಪ್ರಸಂಗವಿದೆ. ಈಗ ಬರುವಾತ ಸ್ವರ್ಗವಾಸಿಗಳಲ್ಲಿ ಒಬ್ಬ ಎಂದು ಪ್ರವಾದಿಯವರು ಮೂರು ದಿನ ಹೇಳಿದಾಗ ಮೂರು ದಿನವೂ ಬಂದದ್ದು ಅವನೇ. ಅಬ್ದುಲ್ಲಾ ಬಿನ್ ಅಮ್ರ್ ಎಂಬ ಯುವಕ ನೆಪ ಹೇಳಿ ಅವನ ಮನೆಯಲ್ಲಿ ಮೂರು ರಾತ್ರಿ ಉಳಿದ. ರಾತ್ರಿಯಿಡೀ ನಮಾಝ್ ಮಾಡುವುದೇನೂ ಕಾಣಲಿಲ್ಲ. ಕೊನೆಗೆ ನೇರವಾಗಿ ಕೇಳಿದ. ನೀನು ಕಂಡದ್ದಷ್ಟೇ ಎಂದ ಆತ. ಹೊರಟವನನ್ನು ಮತ್ತೆ ಕರೆದು ಒಂದು ಮಾತು ಸೇರಿಸಿದ: ಯಾರ ಮೇಲೂ ಮನಸ್ಸಿನಲ್ಲಿ ಕಲ್ಮಶ ಇಟ್ಟುಕೊಂಡಿಲ್ಲ, ದೇವರು ಯಾರಿಗೆ ಏನು ಒಳಿತು ಕೊಟ್ಟರೂ ಅದಕ್ಕೆ ಅಸೂಯೆಪಟ್ಟಿಲ್ಲ. ಉಪವಾಸ ನಮಾಝ್‌ಗಳಲ್ಲಿ ಹಿಂದೆಬೀಳದ ಅಬ್ದುಲ್ಲಾ ಆಗ ಒಪ್ಪಿಕೊಂಡ, ನಮ್ಮ ಕೈಲಾಗದಿರುವುದು ಇದೇ ಎಂದು.